ಸಕ್ಕರೆಯ ಒಡೆಯ ಹೂಲಿಯೊ ಲೋಬೊ

ಸಂಪತ್ತು ಚಂಚಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸಕ್ಕರೆಯ ಉದ್ಯಮದಲ್ಲಿ ಈ ಮಾತು ಕಣ್ಣಿಗೆ ಕಾಣುವಷ್ಟು ನಿಜ. ಕಡಿದ ಕಬ್ಬನ್ನು ಬೇಗನೆ ನುರಿಯದಿದ್ದರೆ ಅದರ ಸಕ್ಕರೆಯ ಅಂಶ ಕುಗ್ಗುತ್ತದೆ. ಮೂಟೆ ಸೇರಿದ ಸಕ್ಕರೆಯ ಬೆಲೆಯೂ ದೂರದ ಪೇಟೆಯ ಏರಿಳಿತಕ್ಕೆ ಅಧೀನ. ಈ ಉದ್ಯಮದ ಶಿಖರವನ್ನೇರಿ, ಕೆಲವೇ ದಿನಗಳಲ್ಲಿ ಎಲ್ಲವನ್ನೂ ಬಿಟ್ಟು ಹೊರಟ ಹೂಲಿಯೊ ಲೋಬೊ ಅವರ ಜೀವನವು ಮನನೀಯವಾದುದು.

ಕ್ಯೂಬಾದ ಸಕ್ಕರೆಯ ಒಡೆಯರೆನಿಸಿದ ಲೋಬೊ ಆ ದ್ವೀಪದಲ್ಲಿ ಹುಟ್ಟಿದವರಲ್ಲ. ಅವರು ಜನಿಸಿದುದು 1898ರಲ್ಲಿ, ವೆನೆಜುವೆಲಾ ದೇಶದ ಕರಾಕಸ್ ನಗರದಲ್ಲಿ. ತಂದೆ ಎರಿಬೆರ್ತೊ ಲೋಬೊ ಬ್ಯಾಂಕಿನ ವ್ಯವಹಾರ ಬಲ್ಲವರು. 1900ರಲ್ಲಿ ಕುಟುಂಬವು ಹವಾನಾ ನಗರಕ್ಕೆ ವಲಸೆ ಬಂದಿತು. ಅಲ್ಲಿ ತಂದೆ ಪಾಲುದಾರರಾದ ವ್ಯಾಪಾರ ಸಂಸ್ಥೆಯು ಮುಂದೆ ಗಾಲ್ಬಾನ್ ಲೋಬೊ ಎಂಬ ಹೆಸರಿನಿಂದ ಸಕ್ಕರೆಯ ಪೇಟೆಯಲ್ಲಿ ಪ್ರಸಿದ್ಧವಾಯಿತು.

ಮಗನಿಗೆ ಬರಿಯ ಗಾದಿಯನ್ನು ಕೊಡದೆ ವಿದ್ಯೆಯನ್ನೂ ಕೊಡಿಸಿದುದು ತಂದೆಯ ದೂರದೃಷ್ಟಿ. ಅಮೆರಿಕದ ಲೂಸಿಯಾನ ವಿಶ್ವವಿದ್ಯಾಲಯದಲ್ಲಿ ಸಕ್ಕರೆಯ ತಾಂತ್ರಿಕ ಶಾಸ್ತ್ರವನ್ನು ಅಭ್ಯಾಸ ಮಾಡಿ 1919ರಲ್ಲಿ ಹೂಲಿಯೊ ಪದವೀಧರರಾದರು. ಮರುವರ್ಷವೇ ಪೇಟೆಯು ಮತ್ತೊಂದು ಪಾಠ ಕಲಿಸಿತು. 1920ರ ಮೇ ತಿಂಗಳಲ್ಲಿ ಪೌಂಡಿಗೆ 22.5 ಸೆಂಟಿಗೇರಿದ ಸಕ್ಕರೆಯ ಬೆಲೆ, ಡಿಸೆಂಬರಿನ ಹೊತ್ತಿಗೆ 4 ಸೆಂಟಿಗಿಂತ ಕೆಳಗಿಳಿಯಿತು. ಬ್ಯಾಂಕುಗಳು ಮುರಿದುಬಿದ್ದವು, ಅನೇಕ ಕಾರಖಾನೆಗಳು ಸಾಲ ಕೊಟ್ಟವರ ಪಾಲಾದವು.

ಹೊಲ, ಗಾಣ, ಪೇಟೆ ಈ ಮೂರರ ಮರ್ಮವನ್ನೂ ಅರಿತ ಲೋಬೊ ಕ್ರಮೇಣ 10ಕ್ಕೂ ಹೆಚ್ಚು ಕಾರಖಾನೆಗಳ ಒಡೆಯರಾದರು. 1946ರಲ್ಲಿ ಹಂತಕರ ಗುಂಡೇಟಿನಿಂದ ತೀವ್ರವಾಗಿ ಗಾಯಗೊಂಡರೂ ಬದುಕುಳಿದರು. ನೆಪೋಲಿಯನ್ನನಿಗೆ ಸಂಬಂಧಿಸಿದ ವಸ್ತುಗಳನ್ನೂ ಗ್ರಂಥಗಳನ್ನೂ ಸಂಗ್ರಹಿಸುವುದು ಅವರ ಮತ್ತೊಂದು ವ್ಯಾಸಂಗವಾಗಿತ್ತು.

ಆದರೆ ಈ ಸಿಹಿಗೆ ಒಂದು ಕಹಿಯೂ ಇತ್ತು. ಕ್ಯೂಬಾದಲ್ಲಿ ಕಬ್ಬಿನ ಸುಗ್ಗಿ ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲವನ್ನು ಅಲ್ಲಿಯ ಜನ 'ಸತ್ತ ಕಾಲ'ವೆಂದೇ ಕರೆಯುತ್ತಿದ್ದರು. ಆಗ ಕೂಲಿಗಾರರ ಬಹುಪಾಲು ಮಂದಿಗೆ ಕೆಲಸವಿರುತ್ತಿರಲಿಲ್ಲ. 1959ರ ಕ್ರಾಂತಿಗೆ ಈ ಬಡತನವೂ ಒಂದು ಇಂಧನವಾಯಿತು.

1960ರ ಅಕ್ಟೋಬರ್ 11ರ ರಾತ್ರಿ, ರಾಷ್ಟ್ರೀಯ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಚೆ ಗೆವಾರಾ ಅವರು ಲೋಬೊ ಅವರನ್ನು ಕರೆಸಿಕೊಂಡರು. ಕ್ರಾಂತಿಯ ಕ್ಯೂಬಾದಲ್ಲಿ ಇಂಥ ಆಸ್ತಿಗೆ ಸ್ಥಾನವಿಲ್ಲವೆಂದು ತಿಳಿಸಿ, ಸಕ್ಕರೆಯ ಉದ್ಯಮವನ್ನು ಸರಕಾರದ ಪರವಾಗಿ ನಡೆಸಿಕೊಡುವಂತೆ ಕೇಳಿದರು. ಇಲ್ಲೊಂದು ಸೂಕ್ಷ್ಮವಿದೆ. ಕಾರಖಾನೆಗಳನ್ನು ಕಾಯಿದೆಯಿಂದ ಪಡೆಯಬಹುದಾಗಿತ್ತು. ಅವುಗಳನ್ನು ನಡೆಸುವ ಅರಿವನ್ನು ಮಾತ್ರ ಬೇಡಿಯೇ ಪಡೆಯಬೇಕಾಗಿತ್ತು. ಆಲೋಚಿಸಲು ಸಮಯ ಕೇಳಿದ ಲೋಬೊ ಎರಡು ದಿನಗಳಲ್ಲಿ ದೇಶವನ್ನೇ ತೊರೆದರು. ಅದೇ ವಾರ ಕಾರಖಾನೆಗಳು ರಾಷ್ಟ್ರೀಕೃತವಾದವು.

ನ್ಯೂಯಾರ್ಕಿನಲ್ಲಿ ಅವರು ಮತ್ತೆ ವ್ಯಾಪಾರಕ್ಕೆ ನಿಂತರು. ಅರಿವು ಜೊತೆಗಿತ್ತು; ಹಿಂದಿನ ಗಾಣಗಳ ಬೆಂಬಲವಿರಲಿಲ್ಲ. ಪೇಟೆಯ ಹೊಡೆತಕ್ಕೆ ಆ ಸಂಪತ್ತೂ ಕರಗಿತು. ಕೊನೆಯ ವರ್ಷಗಳನ್ನು ಸ್ಪೇನಿನಲ್ಲಿ ಕಳೆದು, 1983ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ತೀರಿಕೊಂಡರು. ಎರಡು ವರ್ಷದ ಕೂಸಾಗಿ ವಲಸೆ ಬಂದು ನೆಲೆ ಕಂಡ ನಾಡಿನಿಂದ, ಮುಪ್ಪಿನ ಹೊಸ್ತಿಲಲ್ಲಿ ಮತ್ತೆ ವಲಸಿಗರಾದುದು ಅವರ ವಿಧಿ.

ಅವರ ಸಂಗ್ರಹ ಮಾತ್ರ ಹವಾನಾದಲ್ಲಿಯೇ ಉಳಿಯಿತು. 1961ರಲ್ಲಿ ಅಲ್ಲಿ ತೆರೆದ ನೆಪೋಲಿಯನ್ ವಸ್ತುಸಂಗ್ರಹಾಲಯಕ್ಕೆ ಅದೇ ಆಧಾರ. ಕೂಡಿಟ್ಟ ಹಣವು ಪೇಟೆಯಲ್ಲಿ ಕರಗಿತು. ಅಕ್ಕರೆಯಿಂದ ಕೂಡಿಸಿದ ಗ್ರಂಥಗಳೂ ವಸ್ತುಗಳೂ, ಕೊಡುವವನ ಇಚ್ಛೆಯನ್ನು ಕೇಳದೆಯೇ ಸರ್ವಜನರ ಸ್ವತ್ತಾದವು. ಇಚ್ಛೆಯಿಂದಲೇ ಕೊಡುವ ಅವಕಾಶವುಳ್ಳವರು ಭಾಗ್ಯವಂತರು.