ಡೆಂಗಿ ತಡೆ: ಪಂಚಾಯಿತಿ ಕೆಲಸ ಕೊಟ್ಟಿಗೆಗೂ ಬರಲಿ



ಕಳೆದ ಮುಂಗಾರಿನಲ್ಲಿ ಕೆಚ್ಚಲು ಬಾವು ಬಂದ ಹಸುವೊಂದರ ಚಿಕಿತ್ಸೆಗೆ ಹೋಗಿದ್ದೆ. ಹಾಲು ಕರೆಯುವ ಮನೆಯಾಕೆ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದರು. ಕೈ ಬದಲಾದ್ದರಿಂದ ಹಸು ಪೂರ್ತಿ ಹಾಲು ಬಿಡದೆ, ಕೆಚ್ಚಲಲ್ಲಿ ಹಾಲು ಉಳಿದು ಬಾವು ಬಂದಿತ್ತು. ಕೈ ತೊಳೆಯಲು ಕೊಟ್ಟಿಗೆಯ ಕಲ್ಲುತೊಟ್ಟಿಯ ಬಳಿ ಹೋದರೆ ನೀರಿನ ತುಂಬ ಸೊಳ್ಳೆಮರಿಗಳು! ಆ ಬೀದಿಯ ಚರಂಡಿ ತೆಗೆಸಿದ್ದರು, ಫಾಗಿಂಗ್ ಕೂಡ ಆಗಿತ್ತು. ಕೊಟ್ಟಿಗೆಯ ತೊಟ್ಟಿಯನ್ನು ಮಾತ್ರ ಯಾರೂ ನೋಡಿರಲಿಲ್ಲ.

ಡೆಂಗಿ ರಾಸುಗಳಿಗೆ ಬರುವುದಿಲ್ಲ, ನಮಗೆ ಬರುತ್ತದೆ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಬೆಳಿಗ್ಗೆ ಮತ್ತು ಸಂಜೆ ಅದರ ಕಾಟ ಹೆಚ್ಚು. ನೀವು ಕೊಟ್ಟಿಗೆಯಲ್ಲಿರುವ ಹೊತ್ತೂ ಅದೇ.

ಪಂಚಾಯಿತಿ ಏನು ಮಾಡುತ್ತದೆ?

ಚರಂಡಿ ಸ್ವಚ್ಛತೆ, ಕುಡಿಯುವ ನೀರಿನ ಪೂರೈಕೆ, ಫಾಗಿಂಗ್ ಗ್ರಾಮ ಪಂಚಾಯಿತಿಯ ಕೆಲಸ. ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ಲಾರ್ವಾ ಸಮೀಕ್ಷೆ ಮಾಡುತ್ತಾರೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ಹಳ್ಳಿಯಲ್ಲಿ 200 ರೂ. ದಂಡವನ್ನೂ ಗೊತ್ತುಮಾಡಿತು.

ಆದರೆ ಫಾಗಿಂಗ್ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿ ಉಳಿಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲುವುದೇ ಮುಖ್ಯ.

ಕೊಟ್ಟಿಗೆಯಲ್ಲಿ ನೀವು ಮಾಡಬೇಕಾದ್ದು

• ವಾರಕ್ಕೊಂದು ದಿನ ಗೊತ್ತುಮಾಡಿ ನೀರಿನ ತೊಟ್ಟಿ, ಕಲಗಚ್ಚಿನ ಬಾನಿ, ಡ್ರಮ್ಮುಗಳನ್ನು ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿ. ಈ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸೋಕಿದಾಗ ಮರಿಯಾಗುತ್ತದೆ.
• ಮೇವಿನ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆಯಲ್ಲಿ, ಹಳೆ ಟೈರು, ಒಡೆದ ಬಕೆಟ್, ತೆಂಗಿನ ಚಿಪ್ಪಿನಲ್ಲಿ ಮಳೆನೀರು ನಿಲ್ಲದಿರಲಿ.
• ಸೊಳ್ಳೆ ಕಾಟವೆಂದು ಬೆಳೆಗೆ ಹೊಡೆಯುವ ಔಷಧಿಯನ್ನು ಕೊಟ್ಟಿಗೆಗೆ ಸಿಂಪಡಿಸಬೇಡಿ, ತೊಟ್ಟಿಗೆ ಹಾಕಲೇಬೇಡಿ. ರಾಸು ಸಾಯಬಹುದು, ಹಾಲಿನಲ್ಲೂ ವಿಷದ ಅಂಶ ಸೇರಬಹುದು.
• ಫಾಗಿಂಗ್ ದಿನ ರಾಸುಗಳನ್ನು ದೂರ ಕಟ್ಟಿ. ಮೇವು, ನೀರು, ಹಾಲಿನ ಕ್ಯಾನ್ ಮುಚ್ಚಿಡಿ.

ಬರಿದು ಮಾಡಲಾಗದ ದೊಡ್ಡ ತೊಟ್ಟಿ, ಬಾವಿಗಳಿಗೆ ಮರಿಗಳನ್ನು ತಿನ್ನುವ ಗಪ್ಪಿ ಮೀನು ಬಿಡಬಹುದು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಗೆ ಈ ಮೀನಿನ ಉಪಾಯ ಫಲ ಕೊಟ್ಟಿದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಗ್ರಾಮಸಭೆಯಲ್ಲಿ ಕೇಳಿ

ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ ತುಂಬಿಡದೆ ಏನು ಮಾಡುವುದು ಎಂದು ನೀವು ಕೇಳುವುದು ನ್ಯಾಯವೇ. ದಿನಕ್ಕೆ ಎರಡು ಬಿಂದಿಗೆಯಲ್ಲಿ ಹಸು ಸಾಕಲಾಗುವುದಿಲ್ಲ. ಈ ಮಾತನ್ನು ಮಹಿಳಾ ಗ್ರಾಮಸಭೆಯಲ್ಲಿ ಎತ್ತಿ. ನೀರು ಬರುವ ದಿನ ಮೊದಲೇ ತಿಳಿಸಲಿ, ಕೊಟ್ಟಿಗೆಯ ಮೋರಿ ನೀರು ನಿಲ್ಲದೆ ಹರಿಯುವಂತೆ ಚರಂಡಿ ಆಗಲಿ, ಲಾರ್ವಾ ಸಮೀಕ್ಷೆಯಲ್ಲಿ ಕೊಟ್ಟಿಗೆಯೂ ಸೇರಲಿ. ಒಬ್ಬರು ಕೇಳಿದರೆ ಮಾತು ಅಲ್ಲಿಗೇ ನಿಲ್ಲಬಹುದು. ಸಂಘದ ಸದಸ್ಯೆಯರೆಲ್ಲ ಒಟ್ಟಿಗೆ ಹೋಗಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಜ್ವರ, ಕಣ್ಣಿನ ಹಿಂಭಾಗ ನೋವು, ಮೈಕೈ ನೋವು ಬಂದರೆ "ಹಾಲು ಹಾಕಿ ಬಂದು ನೋಡೋಣ" ಎಂದು ದಿನ ದೂಡಬೇಡಿ. ಅಂದೇ ರಕ್ತ ಪರೀಕ್ಷೆ ಮಾಡಿಸಿ. ಹಸುವಿಗೆ ಜ್ವರ ಬಂದರೆ ರಾತ್ರಿಯಾದರೂ ನನಗೆ ಫೋನ್ ಮಾಡುತ್ತೀರಿ. ನಿಮ್ಮ ಜ್ವರಕ್ಕೂ ಅಷ್ಟೇ ಅವಸರ ಇರಲಿ.