ಮಿಕ್ಸರ್: ಯಾವ ತಂತಿ ಎಲ್ಲಿಗೆ?

ಶಾಲಾ ವಾರ್ಷಿಕೋತ್ಸವ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗಿ ಹಾಡುತ್ತಾಳೆ. ಹಾಡು ಕ್ಷೀಣ, 'ಗುಂಯ್' ಸದ್ದೇ ಜೋರು! ತಪ್ಪು ಅವಳದಲ್ಲ, ಎಷ್ಟೋ ವೇಳೆ ಮೈಕಿನದೂ ಅಲ್ಲ. ಹಲವು ಧ್ವನಿಗಳನ್ನು ಬೆರೆಸುವ ಮಿಕ್ಸರಿಗೆ ತಂತಿ ಜೋಡಿಸಿದ ಕ್ರಮದ್ದು.

ಮೈಕಿನಿಂದ ಬರುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್. ಕೀಬೋರ್ಡಿನಿಂದ ಬರುವುದು ಅದರ ನೂರಾರು ಪಟ್ಟು, ಸುಮಾರು 1 ವೋಲ್ಟ್. ಅದಕ್ಕೆಂದೇ ಮಿಕ್ಸರಿನಲ್ಲಿ 'ಮೈಕ್', 'ಲೈನ್' ಎಂಬ ಪ್ರತ್ಯೇಕ ಒಳದಾರಿಗಳಿವೆ. ಮೈಕನ್ನು ಲೈನಿಗೆ ಕೊಟ್ಟರೆ ಸ್ವರ ಕೇಳಿಸದು. ಕೀಬೋರ್ಡನ್ನು ಮೈಕಿನ ದಾರಿಗೆ ಕೊಟ್ಟರೆ ಧ್ವನಿ ಒಡೆಯುತ್ತದೆ.

ಮೈಕಿನ ಪ್ಲಗ್ಗಿನಲ್ಲಿ ಮೂರು ಪಿನ್ನುಗಳೇಕೆ? ಒಂದನೆಯದು ತಂತಿಯ ರಕ್ಷಾಕವಚಕ್ಕೆ. ಉಳಿದೆರಡರಲ್ಲಿ ಒಂದೇ ಹಾಡು, ಆದರೆ ಪರಸ್ಪರ ವಿರುದ್ಧವಾಗಿ: +5 ಮತ್ತು -5 ಎನ್ನೋಣ. ದಾರಿಯಲ್ಲಿ ಸೇರುವ ಗುಂಯ್ ಸದ್ದು ಎರಡರಲ್ಲೂ +2. ಆಗ 7 ಮತ್ತು -3 ಆಯಿತು. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ: 7-(-3)=10. ಹಾಡು ಇಮ್ಮಡಿ, ಗುಂಯ್ ಸದ್ದು ಮಾಯ! ತರಗತಿಯ ಬೀಜಗಣಿತವೇ ಇಲ್ಲಿ ದುಡಿಯುತ್ತಿದೆ.

'ಮೇನ್ ಔಟ್' ಹೊರದಾರಿ. ಅಲ್ಲಿಂದ ತಂತಿ ಆಂಪ್ಲಿಫೈಯರಿಗೆ, ಆಮೇಲೆ ಸ್ಪೀಕರಿಗೆ. ಸ್ಪೀಕರಿನ ತಂತಿಯನ್ನು ಮರೆತು ಮಿಕ್ಸರಿನ ಒಳದಾರಿಗೆ ಸಿಕ್ಕಿಸಿದರೆ ಮಿಕ್ಸರೇ ಸುಟ್ಟೀತು.

ಸಂಕೇತ ಎಲ್ಲಿಂದ ಬಂತು, ಎಷ್ಟು ಬಲದ್ದು, ಎಲ್ಲಿಗೆ ಹೋಗಬೇಕು? ಈ ಮೂರು ಪ್ರಶ್ನೆ ಕೇಳಿ ತಂತಿ ಜೋಡಿಸಿದರೆ, ಕೊನೆಯ ಸಾಲಿನಲ್ಲಿ ಕುಳಿತ ತಾಯಿಗೂ ಮಗಳ ಹಾಡು ಕೇಳಿಸುತ್ತದೆ.