ಪಂದ್ಯಕ್ಕೆ ಮುನ್ನ ಗೆಲುವನ್ನು ಹೇಳಬಹುದೆ?

ಮಳೆಯ ಬಿರುಸು ಇಳಿದು ಮೈದಾನದ ಕೆಸರು ಆರುತ್ತಿದ್ದಂತೆ ನಮ್ಮ ಕಾಲೇಜುಗಳಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುವ ಕೆಲಸವು ಮೊದಲಾಗುತ್ತದೆ. ಅಂತರಕಾಲೇಜು ಕಬಡ್ಡಿಯ ದಿನಗಳು ಸಮೀಪಿಸಿದುವೆಂದು ಅದರ ಅರ್ಥ. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಚಹದಂಗಡಿಗಳಲ್ಲಿ ಒಂದೇ ಚರ್ಚೆ: ಈ ವರುಷದ ಢಾಲು ಯಾರಿಗೆ? ಪ್ರತಿಯೊಬ್ಬನ ಬಳಿಯೂ ಉತ್ತರವುಂಟು. ಆದರೆ ಆ ಉತ್ತರಕ್ಕೆ ಆಧಾರವೇನೆಂದು ಕೇಳುವವರು ವಿರಳ. ಮುಂಬರುವ ಪಂದ್ಯಗಳ ಫಲವನ್ನು ಮೊದಲೇ ಊಹಿಸುವುದರಲ್ಲಿ ವಿಜ್ಞಾನಕ್ಕೆ ಏನಾದರೂ ಸ್ಥಾನವುಂಟೆ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಇದು ಬರಿಯ ವಿನೋದದ ಮಾತಲ್ಲ. ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಸೀಮೆಗೆ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವು ಬಂದಿತು. ಅಂತರಕಾಲೇಜು ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದ ಆಟಗಾರನು ವಿಶ್ವವಿದ್ಯಾಲಯದ ತಂಡವನ್ನು ಸೇರುತ್ತಾನೆ. ಅಲ್ಲಿಂದ ಅಂತರವಿಶ್ವವಿದ್ಯಾಲಯದ ಕಣಕ್ಕೆ, ಮುಂದೆ ಪೊಲೀಸ್ ಅಥವಾ ರೈಲ್ವೆ ತಂಡಕ್ಕೆ ದಾರಿ ತೆರೆಯಬಹುದು. ಒಕ್ಕಲು ಮನೆತನದ ಹುಡುಗನೊಬ್ಬನ ಜೀವನೋಪಾಯವೇ ಒಂದು ಮಧ್ಯಾಹ್ನದ ಆಟವನ್ನು ಅವಲಂಬಿಸಿರುವುದುಂಟು.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಇಂತಹ ಊಹೆಯು ಒಂದು ಸಂಪ್ರದಾಯವೇ ಆಗಿದೆ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯು 1936ರಿಂದ ಕ್ರೀಡಾ ಬರೆಹಗಾರರ ಮತಗಳನ್ನು ಕೂಡಿಸಿ ತಂಡಗಳ ಶ್ರೇಣಿಯನ್ನು ಪ್ರಕಟಿಸುತ್ತ ಬಂದಿದೆ. 1950ರಿಂದ ಮೊದಲ ಪಂದ್ಯಕ್ಕಿಂತ ಮುಂಚೆಯೇ ಒಂದು ಪಟ್ಟಿಯನ್ನು ಹೊರಡಿಸುತ್ತಿದೆ. ಮೊದಲ ಹೆಸರಾಗಿ ನಿಂತ ತಂಡವು ಕೊನೆಯಲ್ಲಿಯೂ ಮೊದಲನೆಯದಾಗಿ ಉಳಿಯದಿರುವುದು ಅಲ್ಲಿ ಸಾಮಾನ್ಯ. ಇದಕ್ಕೆ ಒಂದು ಕಾರಣವು ಸ್ಪಷ್ಟ: ಕಳೆದ ವರುಷದ ಕೀರ್ತಿಯನ್ನು ನಾವು ಈ ವರುಷದ ಬಲವೆಂದು ಭ್ರಮಿಸುತ್ತೇವೆ. ನಮ್ಮಲ್ಲಿ ಪದವಿಯ ಅವಧಿಯು ಮೂರು ವರುಷ. ಏಳು ಜನ ಆಟಗಾರರು, ಐವರು ಮೀಸಲಿನವರು ಸೇರಿ ಹನ್ನೆರಡು ಜನರ ತಂಡದಲ್ಲಿ ಸುಮಾರು ನಾಲ್ವರು ಪ್ರತಿವರುಷ ಕಾಲೇಜನ್ನೇ ಬಿಟ್ಟು ಹೋಗುತ್ತಾರೆ. ಹೆಸರು ಹಳೆಯದು, ತಂಡ ಹೊಸದು!

ಆಟದ ಒಳಗಿನ ಗಣಿತ

ಕಬಡ್ಡಿಯ ನಿಯಮಗಳನ್ನು ಸ್ವಲ್ಪ ನೆನೆಯೋಣ. ಪುರುಷರ ಅಂಕಣವು 13 ಮೀಟರ್ ಉದ್ದ, 10 ಮೀಟರ್ ಅಗಲ. ಪ್ರತಿ ದಾಳಿಗೆ 30 ಸೆಕೆಂಡುಗಳ ಮಿತಿ; ಪಂದ್ಯಕ್ಕೆ 20 ನಿಮಿಷಗಳ ಎರಡು ಭಾಗ. ಆದುದರಿಂದ ಒಂದು ಪಂದ್ಯದಲ್ಲಿ ಎರಡೂ ಕಡೆಯಿಂದ ಎಂಬತ್ತರಷ್ಟಾದರೂ ದಾಳಿಗಳಿಗೆ ಅವಕಾಶವುಂಟು. ಫುಟ್‌ಬಾಲಿನಲ್ಲಿ ಎರಡು ಮೂರು ಗೋಲುಗಳಿಂದಲೇ ಫಲ ನಿರ್ಣಯವಾಗುವುದರಿಂದ ಒಂದು ಅದೃಷ್ಟದ ಒದೆತವು ಎಲ್ಲವನ್ನೂ ಬುಡಮೇಲು ಮಾಡಬಲ್ಲುದು. ಕಬಡ್ಡಿಯಲ್ಲಿ ಅಂಕಗಳು ಹೆಚ್ಚು. ಅವಕಾಶಗಳು ಹೆಚ್ಚಿದಷ್ಟೂ ಅದೃಷ್ಟದ ಕೈವಾಡ ಕುಗ್ಗಿ ನಿಜವಾದ ಬಲವು ಮೇಲೆ ಬರುತ್ತದೆ.

ಆದರೆ ಇಲ್ಲಿ ಇನ್ನೊಂದು ತೊಡಕುಂಟು. ದಾಳಿಗಾರನು ಮುಟ್ಟಿ ಬಂದರೆ ಎದುರಾಳಿಯೊಬ್ಬನು ಹೊರಗೆ ಹೋಗುತ್ತಾನೆ, ತನ್ನವನೊಬ್ಬನು ಒಳಗೆ ಬರುತ್ತಾನೆ. ಕ್ಷೀಣಿಸಿದ ತಂಡಕ್ಕೆ ಹಿಡಿಯುವುದು ಮತ್ತೂ ಕಷ್ಟ. ಕೆರೆಯ ಏರಿಯಲ್ಲಿ ಬಿದ್ದ ಸಣ್ಣ ಬಿರುಕನ್ನು ಹರಿಯುವ ನೀರೇ ಹಿರಿದು ಮಾಡುವಂತೆ, ಮುನ್ನಡೆಯು ಮುನ್ನಡೆಯನ್ನು ಹಡೆಯುತ್ತದೆ. ಏಳೂ ಜನ ಹೊರಬಿದ್ದರೆ ಎದುರಾಳಿಗೆ ಲೋನಾದ ಎರಡು ಹೆಚ್ಚಿನ ಅಂಕ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ದಾಳಿಗಾರನನ್ನು ಹಿಡಿದರೆ ಒಂದು ಅಂಕವನ್ನು ಹೆಚ್ಚಾಗಿ ಕೊಡುವ ನಿಯಮವು ಈ ಬಿರುಕಿಗೆ ಹಾಕಿದ ತೇಪೆಯೆನ್ನಬಹುದು.

ಅಳೆಯುವುದು ಹೇಗೆ?

ಬ್ಯಾಡಗಿಯ ಪೇಟೆಯಲ್ಲಿ ಒಂದೇ ಮೆಣಸಿನಕಾಯಿಯನ್ನು ನೋಡಿ ಇಡೀ ರಾಶಿಗೆ ಬೆಲೆ ಕಟ್ಟುವ ಜಾಣನಿಲ್ಲ. ಆಟಗಾರನ ವಿಷಯದಲ್ಲಿಯೂ ಹಾಗೆಯೇ. ಅಭ್ಯಾಸದಲ್ಲಿ ಒಬ್ಬನು 10 ದಾಳಿಗಳಲ್ಲಿ 6 ಬಾರಿ ಅಂಕ ತಂದನೆನ್ನೋಣ. ಸಂಖ್ಯಾಶಾಸ್ತ್ರದ ಪ್ರಕಾರ ಅವನ ನಿಜವಾದ ಸಾಮರ್ಥ್ಯವು ನೂರಕ್ಕೆ 30ರಿಂದ 90ರವರೆಗೆ ಎಲ್ಲಿಯಾದರೂ ಇದ್ದೀತು! 100 ದಾಳಿಗಳಲ್ಲಿ 60 ಬಾರಿ ತಂದಿದ್ದರೆ ಆ ಹರವು 50ರಿಂದ 70ಕ್ಕೆ ಇಳಿಯುತ್ತದೆ. ಆದುದರಿಂದ ಒಂದು ನೋಟುಬುಕ್ಕನ್ನು ಇಟ್ಟುಕೊಂಡು ಪ್ರತಿ ದಾಳಿಯನ್ನೂ ಬರೆದಿಡುವ ವಿದ್ಯಾರ್ಥಿಯು, ಅಂಗಡಿಯ ಕಟ್ಟೆಯ ಮೇಲಿನ ಪಂಡಿತನಿಗಿಂತ ಸತ್ಯಕ್ಕೆ ಹತ್ತಿರವಾಗಿರುತ್ತಾನೆ.

ತಂಡಗಳನ್ನು ಹೋಲಿಸಲು ಅರ್ಪಾದ್ ಎಲೊ ಎಂಬ ಭೌತವಿಜ್ಞಾನದ ಅಧ್ಯಾಪಕರು ಚದುರಂಗಕ್ಕಾಗಿ ರೂಪಿಸಿದ ವಿಧಾನವುಂಟು. ವಿಶ್ವ ಚದುರಂಗ ಸಂಸ್ಥೆಯು ಅದನ್ನು 1970ರಲ್ಲಿ ಸ್ವೀಕರಿಸಿತು. ಫುಟ್‌ಬಾಲಿನ ವಿಶ್ವಸಂಸ್ಥೆಯೂ 2018ರಲ್ಲಿ ಪುರುಷರ ಶ್ರೇಣಿಗಾಗಿ ಅದೇ ಬಗೆಯ ಲೆಕ್ಕಕ್ಕೆ ಬಂದಿತು. ಎಲ್ಲ ತಂಡಗಳಿಗೂ ಮೊದಲು 1500 ಅಂಕ ಕೊಡಿರಿ. ಸಮಬಲರಲ್ಲಿ ಗೆದ್ದವರಿಗೆ 16 ಅಂಕ ಸೇರಲಿ, ಸೋತವರಿಗೆ ಅಷ್ಟೇ ಕಳೆಯಲಿ. 200 ಅಂಕ ಮೇಲಿರುವ ತಂಡವು ನೂರರಲ್ಲಿ 76 ಬಾರಿ ಗೆಲ್ಲುವುದೆಂದು ಈ ಲೆಕ್ಕವು ನಿರೀಕ್ಷಿಸುತ್ತದೆ. ಆದುದರಿಂದ ಅದು ಗೆದ್ದರೆ ದೊರೆಯುವುದು 8 ಅಂಕ ಮಾತ್ರ. ಕೆಳಗಿನ ತಂಡವು ಗೆದ್ದರೆ 24. ಮೂರೂ ಊರುಗಳವರು ಋತುವಿಗೆ ಮುಂಚೆ ಕೆಲವು ಸ್ನೇಹಪಂದ್ಯಗಳನ್ನಾಡಿದರೆ ಈ ಲೆಕ್ಕವನ್ನು ಯಾವ ವಿದ್ಯಾರ್ಥಿಯಾದರೂ ಮಾಡಬಹುದು.

ಒಂದು ಸೋಲಿನ ಬೆಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಎಂಟು ತಂಡಗಳು, ಸೋತವರು ಹೊರಗೆ. ಢಾಲಿಗೆ ಮೂರು ಗೆಲುವು ಬೇಕು. ಇವುಗಳಲ್ಲಿ ಅತ್ಯುತ್ತಮ ತಂಡವು ಯಾರೊಡನೆ ಆಡಿದರೂ ನೂರಕ್ಕೆ 60 ಬಾರಿ ಗೆಲ್ಲುವಷ್ಟು ಬಲವುಳ್ಳದ್ದೆಂದು ಭಾವಿಸಿರಿ. ಅದು ಢಾಲನ್ನು ಗೆಲ್ಲುವ ಸಂಭವನೀಯತೆಯೆಷ್ಟು? 0.6ನ್ನು ಮೂರು ಬಾರಿ ಗುಣಿಸಿದರೆ 0.216, ಎಂದರೆ ನೂರಕ್ಕೆ ಸುಮಾರು 22. ಉಳಿದ 78 ಬಾರಿ ಢಾಲು ಅತ್ಯುತ್ತಮವಲ್ಲದ ತಂಡದ ಪಾಲಾಗುತ್ತದೆ! ಬಲಿಷ್ಠರು ಸೋತರೆಂದು ನಾವು ಆಶ್ಚರ್ಯಪಡುತ್ತೇವೆ. ಅವರು ಸತತವಾಗಿ ಗೆದ್ದಾಗಲೇ ಆಶ್ಚರ್ಯಪಡಬೇಕು.

ಇದರಿಂದ ಎರಡು ಪಾಠಗಳು. ವಿಶ್ವವಿದ್ಯಾಲಯದ ತಂಡವನ್ನು ಆರಿಸುವವರು ಗೆದ್ದವರನ್ನು ಮಾತ್ರ ನೋಡದೆ, ಮೊದಲ ಸುತ್ತಿನಲ್ಲಿಯೇ ಸೋತ ತಂಡದ ಆಟಗಾರನ ದಾಖಲೆಯನ್ನೂ ನೋಡಬೇಕು. ಸಣ್ಣ ಕಾಲೇಜಿನ ತಂಡವು ದೊಡ್ಡ ಹೆಸರಿಗೆ ಹೆದರಬೇಕಾದುದಿಲ್ಲ. ನೂರರಲ್ಲಿ 40 ಎಂಬುದು ಅಲ್ಪವಾದ ಅವಕಾಶವಲ್ಲ.

ಅಲ್ಲದೆ ಈ ಅಂಕಿಗಳು ಹಣೆಬರೆಹವೂ ಅಲ್ಲ. ವ್ಯಾಯಾಮದ ಮೊದಲ ಕೆಲವು ವಾರಗಳಲ್ಲಿ ಶಕ್ತಿ ಹೆಚ್ಚುವುದು ಬಹುಮಟ್ಟಿಗೆ ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಸ್ನಾಯುಗಳು ಬಲಿಯುವುದು ಅನಂತರ. ಪಂದ್ಯಕ್ಕೆ ಎರಡು ವಾರ ಮುಂಚೆ ಮೈದಾನಕ್ಕಿಳಿದ ತಂಡಕ್ಕೂ ಎರಡು ತಿಂಗಳು ಮುಂಚೆ ಇಳಿದ ತಂಡಕ್ಕೂ ಇರುವ ಅಂತರವನ್ನು ಯಾವ ಹಳೆಯ ಕೀರ್ತಿಯೂ ತುಂಬಲಾರದು. 60 ಎಂಬ ಅಂಕಿಯನ್ನು 70ಕ್ಕೆ ಏರಿಸಿದರೆ ಢಾಲಿನ ಸಂಭವನೀಯತೆಯು 22ರಿಂದ 34ಕ್ಕೆ ಏರುತ್ತದೆ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂದು ಹಿರಿಯರು ಹೇಳಿದರು. ಹೊಲಿಸದಿದ್ದರೇನು, ಅಳತೆಯನ್ನಾದರೂ ಕಲಿಯಬಹುದಷ್ಟೆ! ಈ ವರುಷದ ಢಾಲು ಹಾವೇರಿಗೋ ರಾಣೆಬೆನ್ನೂರಿಗೋ ಬ್ಯಾಡಗಿಗೋ ಎಂದು ನಾವು ಹೇಳುವುದಿಲ್ಲ. ನಾಳೆ ಬೆಳಗ್ಗೆ ಮೈದಾನಕ್ಕೆ ಹೋಗುವಾಗ ನೋಟುಬುಕ್ಕೊಂದನ್ನು ಒಯ್ಯಿರಿ ಎಂದಷ್ಟೇ ಹೇಳುತ್ತೇವೆ.